ಆ ವಿಮಾನವನ್ನು ಹೊಡೆದುರುಳಿಸಬಹುದೇ? ಜರ್ಮನಿಯ 2006ರ ತೀರ್ಪು: ಒಂದು ಪ್ರಕರಣ ಅಧ್ಯಯನ

2003ರ ಜನವರಿ 5ರಂದು ಜರ್ಮನಿಯ ಫ್ರಾಂಕ್‌ಫರ್ಟ್ ಬಳಿ ಆಯುಧ ಹಿಡಿದ ಒಬ್ಬ ವ್ಯಕ್ತಿ ಒಂದು ಪುಟ್ಟ ವಿಮಾನವನ್ನು ವಶಕ್ಕೆ ತೆಗೆದುಕೊಂಡು ಹಾರಿಸಿದ. ಬ್ಯಾಂಕುಗಳ ಎತ್ತರದ ಕಟ್ಟಡಗಳ ಮೇಲೆ ಸುತ್ತು ಹೊಡೆಯತೊಡಗಿದ. ಅಮೆರಿಕಕ್ಕೆ ಒಂದು ಫೋನ್ ಮಾಡಲು ಬಿಡಬೇಕು, ಇಲ್ಲದಿದ್ದರೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಕಟ್ಟಡಕ್ಕೆ ವಿಮಾನ ನುಗ್ಗಿಸುತ್ತೇನೆ ಎಂದು ಬೆದರಿಸಿದ. ಪೊಲೀಸ್ ಹೆಲಿಕಾಪ್ಟರ್ ಮೇಲಕ್ಕೆದ್ದಿತು. ವಾಯುಪಡೆಯ ಎರಡು ಯುದ್ಧ ವಿಮಾನಗಳೂ ಹೊರಟವು. ನಗರದ ಮಧ್ಯಭಾಗವನ್ನು ಖಾಲಿ ಮಾಡಿಸಿದರು. ಎತ್ತರದ ಕಟ್ಟಡಗಳಿಂದ ಜನರನ್ನು ಕೆಳಗಿಳಿಸಿದರು. ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ಸಮಯ ಕಳೆದ ಮೇಲೆ ಗೊತ್ತಾಯಿತು: ಇವನು ಒಬ್ಬನೇ ಇದ್ದಾನೆ, ತಲೆ ಕೆಟ್ಟ ಸ್ಥಿತಿಯಲ್ಲಿದ್ದಾನೆ, ಹಿಂದೆ ಯಾವ ಗುಂಪೂ ಇಲ್ಲ. ಫೋನ್ ಮಾಡಲು ಬಿಟ್ಟರು. ಅವನು ವಿಮಾನ ನಿಲ್ದಾಣದಲ್ಲಿ ಇಳಿದ, ಪ್ರತಿರೋಧ ತೋರದೆ ಬಂಧನಕ್ಕೆ ಒಳಗಾದ. ಯಾರಿಗೂ ಏನೂ ಆಗಲಿಲ್ಲ.

ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರ ದಾಳಿ ನಡೆದು ಇನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ. ಇದೇ ಕೆಲಸವನ್ನು ಪ್ರಯಾಣಿಕರಿಂದ ತುಂಬಿದ ದೊಡ್ಡ ವಿಮಾನದಲ್ಲಿ ಯಾರಾದರೂ ಮಾಡಿದರೆ ಏನು ಗತಿ ಎಂಬ ಪ್ರಶ್ನೆ ಜರ್ಮನಿಯನ್ನು ಕಾಡಿತು. ಉತ್ತರವಾಗಿ ಬಂದದ್ದು ವಾಯುಯಾನ ಭದ್ರತಾ ಕಾಯ್ದೆ. 2005ರ ಜನವರಿಯಲ್ಲಿ ಅದು ಜಾರಿಗೆ ಬಂತು. ಅಂದಿನ ರಾಷ್ಟ್ರಾಧ್ಯಕ್ಷ ಹೋರ್ಸ್ಟ್ ಕ್ಯೋಲರ್ ಸಹಿಯನ್ನೇನೋ ಹಾಕಿದರು. ಆದರೆ ಸಂವಿಧಾನದ ದೃಷ್ಟಿಯಿಂದ ತಮಗೆ ಅನುಮಾನಗಳಿವೆ ಎಂದು ಬಹಿರಂಗವಾಗಿಯೇ ಹೇಳಿದರು.

ಅನುಮಾನ ಇದ್ದದ್ದು ಕಾಯ್ದೆಯ 14ನೇ ಕಲಮಿನ ಮೂರನೇ ಉಪಕಲಮಿನ ಬಗ್ಗೆ. ಅದಕ್ಕೆ ಮುಂಚಿನ ಹೆಜ್ಜೆಗಳ ಬಗ್ಗೆ ಯಾರಿಗೂ ಅಂಥ ತಕರಾರು ಇರಲಿಲ್ಲ. ದಾರಿ ತಪ್ಪಿದ ವಿಮಾನವನ್ನು ಬೇರೆ ಕಡೆ ತಿರುಗಿಸಬಹುದು, ಇಳಿಯಲು ಒತ್ತಾಯಿಸಬಹುದು, ಎಚ್ಚರಿಕೆಯ ಗುಂಡು ಹಾರಿಸಬಹುದು. ಮೂರನೇ ಉಪಕಲಮು ಇದನ್ನು ದಾಟಿ ಹೋಗಿತ್ತು. ಈ ವಿಮಾನವನ್ನು ಜನರ ಪ್ರಾಣ ತೆಗೆಯಲು ಬಳಸುತ್ತಾರೆ ಎಂದು ಸಂದರ್ಭ ನೋಡಿ ಭಾವಿಸಬೇಕಾಗಿ ಬಂದರೆ, ಬೇರೆ ದಾರಿಯೇ ಇಲ್ಲದಿದ್ದರೆ, ಅದನ್ನು ಹೊಡೆದುರುಳಿಸಬಹುದು. ಆದೇಶ ಕೊಡುವ ಅಧಿಕಾರ ರಕ್ಷಣಾ ಸಚಿವರಿಗೆ, ಅವರಿಲ್ಲದಿದ್ದರೆ ಅವರ ಪರವಾಗಿ ಕೆಲಸ ಮಾಡುವ ಸಂಪುಟದ ಸದಸ್ಯರಿಗೆ.

ವಿಮಾನದೊಳಗೆ ಕೂತ, ಏನೂ ತಪ್ಪು ಮಾಡದ ಜನರ ಬಗ್ಗೆ ಆ ಉಪಕಲಮಿನಲ್ಲಿ ಒಂದು ಮಾತೂ ಇರಲಿಲ್ಲ.

ಕೋರ್ಟಿಗೆ ಹೋದವರು

ಆರು ಜನ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಾಲ್ವರು ವಕೀಲರು, ಒಬ್ಬ ಪೇಟೆಂಟ್ ವಕೀಲ, ಒಬ್ಬ ವಿಮಾನದ ಕ್ಯಾಪ್ಟನ್. ಹಿರಿಯ ರಾಜಕಾರಣಿಗಳಾದ ಬುರ್ಕ್‌ಹಾರ್ಟ್ ಹಿರ್ಶ್ ಮತ್ತು ಗೆರ್ಹಾರ್ಟ್ ಬೌಮ್ ಕೂಡ ಇವರಲ್ಲಿದ್ದರು. ಅವರ ವಾದ ತುಂಬಾ ಸರಳವಾಗಿತ್ತು. ನಾವು ಕೆಲಸಕ್ಕೂ ಸ್ವಂತಕ್ಕೂ ಪದೇ ಪದೇ ವಿಮಾನದಲ್ಲಿ ಓಡಾಡುತ್ತೇವೆ. ನಾವು ಕೂತ ವಿಮಾನವನ್ನು ಯಾರೋ ಅಪಹರಿಸಿದರೆ, ನಮ್ಮನ್ನು ಕೊಲ್ಲಲು ನಮ್ಮದೇ ಸರ್ಕಾರಕ್ಕೆ ಈ ಕಾನೂನು ಅನುಮತಿ ಕೊಡುತ್ತದೆ. ಇದು ಹೇಗೆ ಸರಿ?

2005ರ ನವೆಂಬರ್ 9ರಂದು ವಿಚಾರಣೆ ನಡೆಯಿತು. 2006ರ ಫೆಬ್ರವರಿ 15ರಂದು ತೀರ್ಪು ಬಂತು. ನ್ಯಾಯಾಲಯ ಆ ಉಪಕಲಮನ್ನು ಪೂರ್ತಿ ರದ್ದು ಮಾಡಿತು. ಕಾರಣ ಎರಡು. ಮೊದಲನೆಯದು ಅಧಿಕಾರದ ಪ್ರಶ್ನೆ: ದೇಶದೊಳಗೆ ಸೇನೆಯ ಆಯುಧ ಬಳಸುವ ಹೀಗೊಂದು ಕಾನೂನು ಮಾಡಲು ಸಂವಿಧಾನ ಅವಕಾಶ ಕೊಟ್ಟಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ. 2012ರಲ್ಲಿ ಅದೇ ನ್ಯಾಯಾಲಯ ಈ ಭಾಗವನ್ನು ಸ್ವಲ್ಪ ಸಡಿಲಿಸಿತು ಕೂಡ. ಎರಡನೆಯ ಕಾರಣವನ್ನು ಮಾತ್ರ ಯಾರೂ ಸಡಿಲಿಸಿಲ್ಲ. ನನಗೆ ಮುಖ್ಯ ಅನ್ನಿಸುವುದೂ ಅದೇ: ಆ ಕಾನೂನು ಪ್ರಯಾಣಿಕರ ಬದುಕುವ ಹಕ್ಕನ್ನೂ ಮನುಷ್ಯರಾಗಿ ಅವರಿಗಿರುವ ಘನತೆಯನ್ನೂ ಮುರಿಯುತ್ತದೆ.

1949ರ ಜರ್ಮನ್ ಸಂವಿಧಾನ ಶುರುವಾಗುವುದೇ ಮನುಷ್ಯನ ಘನತೆಗೆ ಯಾರೂ ಕೈ ಹಚ್ಚುವಂತಿಲ್ಲ ಎಂಬ ಮಾತಿನಿಂದ. ನಾಜಿ ಆಡಳಿತ ಮುಗಿದು ನಾಲ್ಕು ವರ್ಷಕ್ಕೆ ಬರೆದ ಸಾಲು ಅದು. ಅದನ್ನು ಹೇಗೆ ಓದಬೇಕು ಎಂಬುದಕ್ಕೆ ಜರ್ಮನ್ ನ್ಯಾಯಶಾಸ್ತ್ರ ಬಹಳ ಕಾಲದಿಂದ ಒಂದು ಅಳತೆಗೋಲು ಇಟ್ಟುಕೊಂಡಿದೆ. ಸರ್ಕಾರ ಒಬ್ಬ ಮನುಷ್ಯನನ್ನು ಬರೀ ಒಂದು ವಸ್ತುವಿನ ಮಟ್ಟಕ್ಕೆ ಇಳಿಸಿದರೆ ಘನತೆ ಮುರಿಯಿತು ಎಂದರ್ಥ. ಈ ಅಳತೆಗೋಲಿನ ಬೇರು ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ನಲ್ಲಿದೆ.

ಕಾಂಟ್ ಹೇಳಿದ್ದು

ಕಾಂಟ್ 1785ರಲ್ಲಿ ನೀತಿಯ ತಳಹದಿಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಅದರಲ್ಲಿ ಈ ಪ್ರಕರಣಕ್ಕೆ ಬೇಕಾದ ಮೂರು ವಿಚಾರಗಳಿವೆ.

ಒಂದು, ಬೆಲೆ ಮತ್ತು ಘನತೆ. ಬೆಲೆ ಇರುವ ಯಾವುದನ್ನಾದರೂ ಅಷ್ಟೇ ಬೆಲೆಯ ಇನ್ನೊಂದರಿಂದ ಬದಲಾಯಿಸಬಹುದು. ಮನುಷ್ಯನಿಗೆ ಹಾಗೆ ಬದಲಿ ಇಲ್ಲ. ಅವನಿಗಿರುವುದು ಘನತೆ. ಹಾಗಾಗಿ ಮನುಷ್ಯರನ್ನು ಕೂಡಿ ಕಳೆದು ಲೆಕ್ಕ ಹಾಕಲು ಹೊರಟ ತಕ್ಷಣ ಅವರನ್ನು ಬೆಲೆಯ ಪಟ್ಟಿಗೆ ಸೇರಿಸಿದಂತೆ.

ಎರಡನೆಯದು, ಈ ಘನತೆ ಎಲ್ಲಿಂದ ಬಂತು ಎಂಬುದು. ಮನುಷ್ಯ ತನಗೆ ತಾನೇ ನಿಯಮ ಹಾಕಿಕೊಳ್ಳಬಲ್ಲ. ಆಸೆ ಎಳೆದ ಕಡೆ ಹೋಗದೆ, ಯಾರೋ ಹೇಳಿದರೆಂದು ಮಾಡದೆ, ಇದು ಎಲ್ಲರಿಗೂ ನಿಯಮವಾಗಬಲ್ಲದೇ ಎಂದು ಕೇಳಿಕೊಂಡು ನಡೆಯಬಲ್ಲ. ಕಾಂಟ್‌ನ ಪಾಲಿಗೆ ಸ್ವಾಯತ್ತತೆ ಅಂದರೆ ಇದು. ಮನಸ್ಸಿಗೆ ಬಂದದ್ದು ಮಾಡುವ ಸ್ವಾತಂತ್ರ್ಯ ಎಂದು ಅದನ್ನು ಓದಿದರೆ ಅವನನ್ನು ಪೂರ್ತಿ ತಪ್ಪಾಗಿ ಓದಿದಂತೆ.

ಮೂರು, ಯಾರನ್ನೂ ಬರೀ ಸಾಧನವಾಗಿ ಬಳಸಬೇಡ. ಇಲ್ಲಿ 'ಬರೀ' ಎಂಬುದನ್ನು ಬಿಡಬಾರದು. ನಾವೆಲ್ಲರೂ ದಿನಾ ಒಬ್ಬರನ್ನೊಬ್ಬರು ಬಳಸಿಕೊಳ್ಳುತ್ತೇವೆ. ಪೈಲಟ್‌ನನ್ನು ಊರು ತಲುಪಲು ಬಳಸುತ್ತೇವೆ. ಆದರೆ ಅವನು ಒಪ್ಪಿ ಆ ಕೆಲಸಕ್ಕೆ ಬಂದಿದ್ದಾನೆ, ಬೇಡವೆನಿಸಿದರೆ ಬಿಡಬಲ್ಲ. ಒಪ್ಪಲು ಅಥವಾ ಒಲ್ಲೆ ಎನ್ನಲು ಅವನಿಗೆ ದಾರಿಯೇ ಇಲ್ಲದಂತೆ ಮಾಡಿ ಬಳಸಿದರೆ ಆಗ ತಪ್ಪು.

ನಾಲ್ಕು ಸಮರ್ಥನೆಗಳು

ಪ್ರಯಾಣಿಕರಿದ್ದರೂ ಹೊಡೆಯಬಹುದು ಎನ್ನುವವರು ಕೊಡುತ್ತಿದ್ದ ಸಮರ್ಥನೆಗಳನ್ನು ನ್ಯಾಯಾಲಯ ಒಂದೊಂದಾಗಿ ಎತ್ತಿಕೊಂಡಿತು. ತೀರ್ಪಿನ ಜೀವ ಇರುವುದು ಇಲ್ಲಿ.

ಮೊದಲನೆಯದು: ವಿಮಾನ ಹತ್ತುವವನಿಗೆ ಅಪಹರಣದ ಅಪಾಯ ಗೊತ್ತಿರುತ್ತದೆ, ಹಾಗಾಗಿ ಇಂಥ ಹೊತ್ತಿನಲ್ಲಿ ಹೊಡೆದುರುಳಿಸಲು ಅವನ ಒಪ್ಪಿಗೆ ಇದೆ ಎಂದೇ ಭಾವಿಸಬಹುದು. ಇದು ಬದುಕಿಗೆ ದೂರವಾದ ಕಲ್ಪನೆ ಎಂದು ನ್ಯಾಯಾಲಯ ತಳ್ಳಿಹಾಕಿತು. ಸರಿಯಾಗಿಯೇ ತಳ್ಳಿಹಾಕಿತು. ಟಿಕೆಟ್ ಕೊಳ್ಳುವವನು ಊರು ತಲುಪಲು ಕೊಳ್ಳುತ್ತಾನೆ. ಈ ವಾದದಲ್ಲಿ ನನಗೆ ಹೆಚ್ಚು ಕಳವಳ ತರುವ ಸಂಗತಿ ಇನ್ನೊಂದಿದೆ. ಸ್ವಾಯತ್ತತೆಗೆ ಇದು ಮಾಡುವ ಹಾನಿ ನೇರ ಬಲಪ್ರಯೋಗಕ್ಕಿಂತಲೂ ಆಳವಾದದ್ದು. ಬಲ ಹಾಕುವವನು 'ನೀನು ಒಪ್ಪದಿದ್ದರೂ ಮಾಡುತ್ತೇನೆ' ಎನ್ನುತ್ತಾನೆ. ಒಲ್ಲೆ ಎಂಬುದು ಅಲ್ಲಿ ದಾಖಲಾಗಿಯಾದರೂ ಉಳಿಯುತ್ತದೆ. ಒಪ್ಪಿಗೆಯನ್ನು ಕಲ್ಪಿಸಿಕೊಳ್ಳುವವನು ಆ ಮನುಷ್ಯನ ಬಾಯಿಯಿಂದ ಮಾತನ್ನೇ ಕಿತ್ತು ತಾನೇ ಆಡುತ್ತಾನೆ. ಸಾಯುವವನನ್ನು ಕೇಳದೆಯೇ ಅವನ ಪರವಾಗಿ 'ಹೂಂ' ಎಂದುಬಿಡುತ್ತಾನೆ.

ಎರಡನೆಯದು ಎಲ್ಲಕ್ಕಿಂತ ಗಟ್ಟಿ: ಅವರು ಹೇಗಿದ್ದರೂ ಸಾಯುವವರೇ. ಕೆಲವು ನಿಮಿಷ ಮುಂಚೆ ಸತ್ತರೆ ಏನಾಯಿತು? ಕೆಳಗಿನವರಾದರೂ ಉಳಿಯುತ್ತಾರಲ್ಲ?

ಈ ಮಾತು ಕೇಳಿದಾಗ ಮೊದಲಿಗೆ ಎಲ್ಲರೂ ತಲೆಯಾಡಿಸುತ್ತೇವೆ. ಆದರೆ ನ್ಯಾಯಾಲಯ ಇಲ್ಲಿ ಕಟ್ಟುನಿಟ್ಟಾಗಿ ನಿಂತಿತು. ಮನುಷ್ಯನಿಗೆ ಇನ್ನೆಷ್ಟು ಹೊತ್ತು ಆಯಸ್ಸು ಉಳಿದಿದೆ ಎನ್ನುವುದರ ಮೇಲೆ ಅವನ ಜೀವದ ಮತ್ತು ಘನತೆಯ ರಕ್ಷಣೆ ನಿಂತಿಲ್ಲ ಎಂದಿತು. ಹಾಗೆ ನಿಂತಿದೆ ಎಂದು ಒಮ್ಮೆ ಒಪ್ಪಿಕೊಂಡರೆ ಅದು ವಿಮಾನಕ್ಕೆ ಮಾತ್ರ ಅನ್ವಯಿಸುವುದಿಲ್ಲ, ಅಲ್ವಾ? ಐಸಿಯುನಲ್ಲಿ ಮಲಗಿದವರಿಗೂ, ಕೊನೆಯ ಹಂತದ ಕಾಯಿಲೆಯವರಿಗೂ, ತುಂಬಾ ವಯಸ್ಸಾದವರಿಗೂ ಅದೇ ತರ್ಕ ಬರುತ್ತದೆ. 'ಹೇಗಿದ್ದರೂ ಹೋಗುವವರು' ಎಂಬ ಪಟ್ಟಿ ಚಿಕ್ಕದಾಗಿ ಉಳಿಯುವ ಪಟ್ಟಿಯಲ್ಲ.

ಇನ್ನೊಂದು ವಿಷಯವೂ ಇದೆ. ಹೇಗಿದ್ದರೂ ಸಾಯುತ್ತಾರೆ ಎಂದು ಯಾರಿಗೆ ಗೊತ್ತು? ವಿಮಾನದೊಳಗೆ ಏನು ನಡೆಯುತ್ತಿದೆ ಎಂದು ನೆಲದ ಮೇಲಿನವರಿಗೆ ಖಚಿತವಾಗಿ ತಿಳಿಯುವುದು ಬಹಳ ಕಷ್ಟ ಎಂದು ಜರ್ಮನಿಯ ಪೈಲಟ್‌ಗಳ ಸಂಘ ನ್ಯಾಯಾಲಯಕ್ಕೆ ಹೇಳಿತ್ತು. ಪಕ್ಕದಲ್ಲಿ ಹಾರುವ ಯುದ್ಧ ವಿಮಾನದ ಪೈಲಟ್‌ಗೆ ಕಾಣುವುದು ತುಂಬಾ ಕಡಿಮೆ. ಒಳಗಿನ ಸುದ್ದಿ ಸಿಬ್ಬಂದಿ ಹೇಳಿದರೆ ಮಾತ್ರ ಸಿಗುತ್ತದೆ. ಆ ಸುದ್ದಿ ಮೇಲಿನವರಿಗೆ ತಲುಪುವ ಹೊತ್ತಿಗೆ ಒಳಗಿನ ಸ್ಥಿತಿಯೇ ಬದಲಾಗಿರಬಹುದು.

ಸೆಪ್ಟೆಂಬರ್ 11ರ ನಾಲ್ಕನೇ ವಿಮಾನದ ಕಥೆ ಇದಕ್ಕೆ ಸಾಕ್ಷಿ. ಯುನೈಟೆಡ್ ಏರ್‌ಲೈನ್ಸ್‌ನ 93ನೇ ಸಂಖ್ಯೆಯ ವಿಮಾನದಲ್ಲಿದ್ದವರಿಗೆ ಫೋನ್ ಮೂಲಕ ಬೇರೆ ವಿಮಾನಗಳ ಸುದ್ದಿ ತಿಳಿಯಿತು. ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಏನು ಮಾಡಬೇಕೆಂದು ಮತ ಹಾಕಿ ತೀರ್ಮಾನಿಸಿದರು ಎಂಬುದೂ ಆ ಫೋನ್ ಕರೆಗಳಿಂದಲೇ ಹೊರಗಿನವರಿಗೆ ತಿಳಿದದ್ದು. 9 ಗಂಟೆ 57 ನಿಮಿಷಕ್ಕೆ ಕಾಕ್‌ಪಿಟ್‌ನತ್ತ ನುಗ್ಗಿದರು. 10 ಗಂಟೆ 3 ನಿಮಿಷದ ಹೊತ್ತಿಗೆ ವಿಮಾನ ಪೆನ್ಸಿಲ್ವೇನಿಯಾದ ಶ್ಯಾಂಕ್ಸ್‌ವಿಲ್ ಬಳಿಯ ಬಯಲಿಗೆ ಬಿತ್ತು. ಪ್ರಯಾಣಿಕರು ಮತ್ತು ಸಿಬ್ಬಂದಿ ಸೇರಿ 40 ಮಂದಿ ಸತ್ತರು. ವಾಷಿಂಗ್ಟನ್‌ನತ್ತ ಬರುತ್ತಿರುವ ವಿಮಾನವನ್ನು ಹೊಡೆಯಬಹುದು ಎಂದು ಅಮೆರಿಕದ ಉಪಾಧ್ಯಕ್ಷರು ಅನುಮತಿ ಕೊಟ್ಟದ್ದು 10 ಗಂಟೆ 10 ನಿಮಿಷದಿಂದ 10 ಗಂಟೆ 15 ನಿಮಿಷದ ನಡುವೆ ಎಂದು ಆ ದಾಳಿಯ ತನಿಖಾ ಆಯೋಗ 2004ರಲ್ಲಿ ದಾಖಲಿಸಿತು. ಅಂದರೆ ಆ ವಿಮಾನ ಆಗಲೇ ನೆಲಕ್ಕೆ ಬಿದ್ದಾಗಿತ್ತು. ಅದು ಇನ್ನೂ ಹಾರುತ್ತಿದೆ ಎಂದುಕೊಂಡು ಅನುಮತಿ ಕೊಟ್ಟಿದ್ದರು.

ಆ ಆರು ನಿಮಿಷಗಳ ಬಗ್ಗೆ ಯೋಚಿಸಿ. ಹೊರಗಿನ ಲೆಕ್ಕದಲ್ಲಿ ಅವರು 'ಆಗಲೇ ಸತ್ತವರು'. ಒಳಗೆ ಅವರು ತಮ್ಮ ಪರಿಸ್ಥಿತಿಯನ್ನು ತಾವೇ ಅಳೆದು, ಚರ್ಚಿಸಿ, ನಿರ್ಧರಿಸಿ, ಮುನ್ನುಗ್ಗುತ್ತಿದ್ದರು. ಕಾಂಟ್ ಹೇಳುವ ಸ್ವಾಯತ್ತತೆಗೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ನನಗೆ ಗೊತ್ತಿಲ್ಲ. ಅವರು ತಾವಾಗಿ ಆರಿಸಿಕೊಂಡ ಅಪಾಯಕ್ಕೂ ಹೊರಗಿನಿಂದ ಒಂದು ಕ್ಷಿಪಣಿ ಅವರ ಮೇಲೆ ಹೇರುವ ಸಾವಿಗೂ ಇರುವ ವ್ಯತ್ಯಾಸವನ್ನು ಸತ್ತವರ ಸಂಖ್ಯೆ ತೋರಿಸುವುದಿಲ್ಲ.

ಮೂರನೆಯ ಸಮರ್ಥನೆ ಹೀಗಿತ್ತು: ವಿಮಾನವನ್ನೇ ಆಯುಧ ಮಾಡಿಕೊಂಡಿದ್ದಾರೆ, ಒಳಗಿನವರು ಆ ಆಯುಧದ ಭಾಗವಾಗಿಬಿಟ್ಟಿದ್ದಾರೆ. ಸಂತ್ರಸ್ತರನ್ನು ಇನ್ನು ಮನುಷ್ಯರೆಂದು ಕಾಣುತ್ತಿಲ್ಲ, ಒಂದು ವಸ್ತುವಿನ ಭಾಗವೆಂದು ಕಾಣುತ್ತಿದ್ದೇವೆ ಎಂಬುದನ್ನು ಈ ಮಾತು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ ಎಂದಿತು ನ್ಯಾಯಾಲಯ. ಅಪಹರಣಕಾರ ಅವರನ್ನು ವಸ್ತುವಾಗಿ ಮಾಡಿದ. ಸರ್ಕಾರ ಆ ಕೆಲಸವನ್ನು ಮುಂದುವರಿಸಿ ಮುಗಿಸುತ್ತದೆ.

ನಾಲ್ಕನೆಯದು, ನಾಗರಿಕ ತನ್ನ ದೇಶಕ್ಕಾಗಿ ಪ್ರಾಣ ಕೊಡಬೇಕಾದ ಕರ್ತವ್ಯದ ಮಾತು. ಇದರ ಮೇಲೆ ನ್ಯಾಯಾಲಯ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಡೀ ವ್ಯವಸ್ಥೆಯನ್ನೇ ಕೆಡವುವಂಥ ದಾಳಿ ಇದಲ್ಲ, ಹಾಗಾಗಿ ಅಂಥ ಕರ್ತವ್ಯ ಇದೆಯೋ ಇಲ್ಲವೋ ಎಂದು ಈಗ ತೀರ್ಮಾನಿಸಬೇಕಾಗಿಲ್ಲ ಎಂದು ಮುಂದೆ ಹೋಯಿತು.

ಒಳಗೆ ಅಪಹರಣಕಾರರು ಮಾತ್ರ ಇದ್ದರೆ

ತೀರ್ಪಿನ ಈ ಭಾಗವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ವಿಮಾನದಲ್ಲಿ ದಾಳಿಕೋರರು ಮಾತ್ರ ಇದ್ದರೆ ಹೊಡೆದುರುಳಿಸುವುದು ಘನತೆಗೆ ವಿರುದ್ಧವಲ್ಲ ಎಂದಿತು ನ್ಯಾಯಾಲಯ. ಅವರಿಗೆ ಘನತೆ ಇಲ್ಲ ಎಂದು ಅದು ಹೇಳಲಿಲ್ಲ. ದಾಳಿಕೋರನಿಗೂ ಘನತೆ ಇದೆ. ಅದೇ ಕಾರಣಕ್ಕೆ, ಅವನು ತಾನಾಗಿ ಆರಿಸಿಕೊಂಡು ಮಾಡಿದ ಕೆಲಸದ ಫಲವನ್ನು ಅವನ ತಲೆಗೇ ಕಟ್ಟಬೇಕು. ಹಾಗೆ ಕಟ್ಟಿದಾಗ ಅವನನ್ನು ವಸ್ತುವಾಗಿ ನೋಡಿದಂತೆ ಆಗುವುದಿಲ್ಲ, ಹೊಣೆ ಹೊರಬಲ್ಲ ಮನುಷ್ಯನಾಗಿ ನೋಡಿದಂತೆ ಆಗುತ್ತದೆ. ಅಪಾಯ ಹುಟ್ಟಿಸಿದ್ದು ಅವನು. ಅದನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸುವ ಶಕ್ತಿ ಇರುವುದೂ ಅವನಿಗೇ. ಪ್ರಯಾಣಿಕನಿಗೆ ಅಂಥ ದಾರಿ ಇಲ್ಲ.

ಹೀಗೆ ಒಂದೇ ತತ್ವ ಎರಡು ಕಡೆ ಕೆಲಸ ಮಾಡುತ್ತದೆ. ಪ್ರಯಾಣಿಕನನ್ನು ಕಾಪಾಡುವ ಘನತೆಯೇ ಅಪಹರಣಕಾರನನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಫಲದ ಲೆಕ್ಕಕ್ಕಿಂತ ಕರ್ತವ್ಯವನ್ನು ಮುಂದಿಡುವ ಕಾಂಟ್‌ನ ಬಗೆಯ ಕರ್ತವ್ಯದ ನೀತಿಯೆಂದರೆ ಮೆತ್ತಗಿನ ಕರುಣೆ ಎಂದುಕೊಂಡವರು ಇದನ್ನು ಓದಬೇಕು. ತಪ್ಪು ಮಾಡಿದವನನ್ನು ಪರಿಸ್ಥಿತಿಯ ಗೊಂಬೆ ಎಂದು ಬಿಟ್ಟುಬಿಡುವುದು ಈ ನೀತಿಯ ದೃಷ್ಟಿಯಲ್ಲಿ ಅವನಿಗೆ ಮಾಡುವ ಉಪಕಾರವಲ್ಲ.

ಆದರೆ ಇಲ್ಲೊಂದು ತೊಡಕಿದೆ. ಫ್ರಾಂಕ್‌ಫರ್ಟ್ ಮೇಲೆ ಹಾರಿದವನು ತಲೆ ಕೆಟ್ಟ ಸ್ಥಿತಿಯಲ್ಲಿದ್ದ. ತಾನಾಗಿ ಆರಿಸಿಕೊಳ್ಳುವ ಶಕ್ತಿಯೇ ಕುಂದಿದವನ ಮೇಲೆ ಅದೇ ಹೊಣೆಯನ್ನು ಹೊರಿಸಬಹುದೇ? ತೀರ್ಪಿನ ತರ್ಕ ಪೂರ್ತಿ ನಿಂತಿರುವುದು ಸ್ವಂತ ಇಚ್ಛೆಯ ಮೇಲೆ. ಇಚ್ಛೆ ಕದಡಿರುವವನಿಗೆ ಆ ತರ್ಕ ಸಲೀಸಾಗಿ ಹೊಂದುವುದಿಲ್ಲ. ಅವನನ್ನು ತಡೆಯುವ ಹಕ್ಕು ಇದ್ದೇ ಇದೆ. ಆದರೆ ಆ ಹಕ್ಕಿಗೆ ಬೇರೆ ಆಧಾರ ಹುಡುಕಬೇಕು: ಅಪಾಯ ಅವನಿಂದ ಬರುತ್ತಿದೆ ಎಂಬುದು, ಅಷ್ಟೇ. ನ್ಯಾಯಾಲಯ ಈ ಗಂಟನ್ನು ಬಿಚ್ಚಲಿಲ್ಲ. ಬಿಚ್ಚಬೇಕಿತ್ತು ಅನ್ನಿಸುತ್ತದೆ, ಏಕೆಂದರೆ ಕಾನೂನಿಗೆ ಪ್ರೇರಣೆಯಾದ ಘಟನೆಯೇ ಅಂಥದ್ದು.

ಕಟ್ಟಡದಲ್ಲಿರುವವರು

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕೆಳಗೆ ಕಟ್ಟಡದಲ್ಲಿ ಕೆಲಸ ಮಾಡುತ್ತಿರುವವರಿಗೂ ಘನತೆ ಇದೆ. ಅವರು ಕೇಳಬಹುದು: ವಿಮಾನದಲ್ಲಿರುವವರನ್ನು ಮುಟ್ಟಬಾರದು ಎಂದು ನೀವು ಕೈಕಟ್ಟಿ ಕೂತರೆ ನಮ್ಮನ್ನು ಬಲಿ ಕೊಟ್ಟಂತೆ ಆಗಲಿಲ್ಲವೇ?

ನ್ಯಾಯಾಲಯದ ಉತ್ತರ ಹೀಗಿತ್ತು. ಜನರ ಪ್ರಾಣ ಕಾಪಾಡುವ ಕರ್ತವ್ಯ ಸರ್ಕಾರಕ್ಕೆ ಖಂಡಿತ ಇದೆ. ಹೇಗೆ ಕಾಪಾಡಬೇಕು ಎಂಬುದರಲ್ಲಿ ಅದಕ್ಕೆ ಸಾಕಷ್ಟು ಸ್ವಾತಂತ್ರ್ಯವೂ ಇದೆ. ಆದರೆ ಅದು ಆರಿಸಿಕೊಳ್ಳುವ ದಾರಿ ಸಂವಿಧಾನದ ಒಳಗಿರಬೇಕು. ಕಾಂಟ್ ಕೂಡ ಕರ್ತವ್ಯಗಳಲ್ಲಿ ಎರಡು ಬಗೆ ಕಾಣುತ್ತಾನೆ. ಕೆಲವನ್ನು ಎಂದೂ ಮೀರುವಂತಿಲ್ಲ. ಇನ್ನು ಕೆಲವು ಗುರಿಯನ್ನು ಮಾತ್ರ ಹೇಳುತ್ತವೆ, ಅದನ್ನು ಎಷ್ಟು, ಹೇಗೆ ಎಂಬುದು ನಮ್ಮ ವಿವೇಕಕ್ಕೆ ಬಿಟ್ಟದ್ದು. ಮುಗ್ಧರನ್ನು ಕೊಲ್ಲಬಾರದು ಎನ್ನುವುದು ಮೊದಲ ಬಗೆಯದು. ಇತರರಿಗೆ ನೆರವಾಗಬೇಕು ಎನ್ನುವುದು ಎರಡನೆಯದು. ಎರಡೂ ಎದುರಾದಾಗ ಮೊದಲನೆಯದನ್ನು ಮುರಿದು ಎರಡನೆಯದನ್ನು ಪೂರೈಸುವಂತಿಲ್ಲ.

ಈ ಉತ್ತರ ತಪ್ಪಲ್ಲ. ಆದರೆ ಸಾಲದು. ಕಾನೂನಿನ ಮಟ್ಟಕ್ಕೆ ಇದು ಸಾಕು. ಕಟ್ಟಡದಲ್ಲಿ ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಇಷ್ಟನ್ನೇ ಹೇಳಿ ಹೊರಡುವುದು ಸಾಧ್ಯವಿಲ್ಲ.

1797ರಲ್ಲಿ ಕಾಂಟ್ ಒಂದು ಚಿಕ್ಕ ಲೇಖನ ಬರೆದ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿಮ್ಮ ಮನೆಯಲ್ಲಿ ಅಡಗಿರುವ ಸ್ನೇಹಿತ ಇದ್ದಾನೆಯೇ ಎಂದು ಕೇಳಿದರೆ ಸುಳ್ಳು ಹೇಳಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಕೂಡದು ಎಂದ ಕಾಂಟ್. ನಿಜ ಹೇಳಿದವನು ಮುಂದಿನ ಅನಾಹುತಕ್ಕೆ ಹೊಣೆಯಲ್ಲ, ಸುಳ್ಳು ಹೇಳಿದವನು ಊಹಿಸಲಾಗದ ಫಲಕ್ಕೂ ಹೊಣೆ ಎಂದ. ಇಲ್ಲಿ ನಾನು ಕಾಂಟ್‌ನ ಜೊತೆ ಹೋಗಲಾರೆ. ಕರ್ತವ್ಯ ಪಾಲಿಸಿದ ಮಾತ್ರಕ್ಕೆ ಫಲದ ಹೊಣೆ ಪೂರ್ತಿ ಕಳಚಿಹೋಗುತ್ತದೆ ಎಂಬುದು ಮನುಷ್ಯರು ಬದುಕುವ ರೀತಿಯಲ್ಲ. ಹೊಡೆಯದೇ ಇರುವುದೂ ಒಂದು ನಿರ್ಧಾರ. ಹಾಗೆ ನಿರ್ಧರಿಸಿದ ಸಚಿವ 'ಅಪಹರಣಕಾರ ಮಾಡಿದ್ದು, ನನಗೇನು' ಎನ್ನುವಂತಿಲ್ಲ. ತಪ್ಪು ಅಪಹರಣಕಾರನದೇ. ಆದರೆ ಉತ್ತರ ಕೊಡುವ ಹೊಣೆ ಸಚಿವನ ಮೇಲೂ ಇರುತ್ತದೆ. ಯಾಕೆ ಹೊಡೆಯಲಿಲ್ಲ, ಜನರನ್ನು ಬೇಗ ಹೊರಗೆ ಕರೆತರಲು ಏನು ಮಾಡಿದಿರಿ, ವಿಮಾನ ಹತ್ತುವ ಮುಂಚಿನ ತಪಾಸಣೆ ಎಲ್ಲಿ ಸೋತಿತು, ಕಾಕ್‌ಪಿಟ್ ಬಾಗಿಲು ಹೇಗೆ ತೆರೆಯಿತು. ಕೊಲ್ಲುವಂತಿಲ್ಲ ಎಂದು ಒಪ್ಪಿದ ಸರ್ಕಾರದ ಮೇಲೆ ಉಳಿದೆಲ್ಲ ದಾರಿಗಳಲ್ಲಿ ದುಡಿಯುವ ಭಾರ ಇಮ್ಮಡಿಯಾಗಿ ಬೀಳುತ್ತದೆ. ಘನತೆಯ ತತ್ವವನ್ನು ಹೇಳಿ ಸುಮ್ನೆ ಕೂತರೆ ಅದು ತತ್ವವನ್ನು ಕೆಲಸಗಳ್ಳತನಕ್ಕೆ ಬಳಸಿದಂತೆ.

ಹಾಗಿದ್ದರೆ ಕೆಳಗಿರುವವರು ಹತ್ತು ಸಾವಿರ ಆದರೆ? ಲಕ್ಷ ಆದರೆ? ಒಂದು ಮಿತಿ ದಾಟಿದ ಮೇಲೆ ಕರ್ತವ್ಯವೂ ಬಗ್ಗಬೇಕು ಎನ್ನುವ ಚಿಂತಕರು ಕರ್ತವ್ಯದ ನೀತಿಯ ಒಳಗೇ ಇದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ತಕರಾರು ಒಂದೇ. ಆ ಮಿತಿಯನ್ನು ಕಾನೂನಿನಲ್ಲಿ ಮುಂಚೆಯೇ ಬರೆದಿಡಲು ಹೊರಟರೆ, ಇಷ್ಟು ಜನಕ್ಕೆ ಇಷ್ಟು ಜನ ಎಂದು ಬರೆಯಲೇಬೇಕಾಗುತ್ತದೆ. ಆ ಸಾಲು ಬರೆದ ದಿನವೇ ವಿಮಾನ ಹತ್ತುವ ಪ್ರತಿಯೊಬ್ಬರಿಗೂ ಒಂದು ಬೆಲೆ ನಿಗದಿಯಾಗಿರುತ್ತದೆ, ಯಾವ ವಿಮಾನವೂ ಅಪಹರಣವಾಗದೇ ಇದ್ದರೂ.

ಗುಂಡಿಯ ಮೇಲೆ ಬೆರಳಿಟ್ಟವನು

ತೀರ್ಪಿನ ನಂತರ ಕಥೆ ಮುಗಿಯಲಿಲ್ಲ. 2007ರ ಸೆಪ್ಟೆಂಬರ್‌ನಲ್ಲಿ ಅಂದಿನ ರಕ್ಷಣಾ ಸಚಿವ ಫ್ರಾಂಟ್ಸ್ ಯೋಸೆಫ್ ಯುಂಗ್ ಒಂದು ಮಾತು ಹೇಳಿದರು. ಬೇರೆ ದಾರಿ ಇಲ್ಲದೆ ಹೋದರೆ, ಕಾನೂನಿಗೂ ಮೀರಿದ ತುರ್ತು ಸ್ಥಿತಿ ಎಂದು ಪರಿಗಣಿಸಿ ಹೊಡೆಯಲು ಆದೇಶ ಕೊಡುತ್ತೇನೆ ಎಂದರು. ದೊಡ್ಡ ಗದ್ದಲವಾಯಿತು. ಯುದ್ಧ ವಿಮಾನಗಳ ಪೈಲಟ್‌ಗಳ ಸಂಘ ತನ್ನ ಸದಸ್ಯರಿಗೆ ಅಂಥ ಆದೇಶ ಪಾಲಿಸಬೇಡಿ ಎಂದು ಸಲಹೆ ಕೊಟ್ಟಿತು.

ಇಲ್ಲಿ ಒಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಜರ್ಮನಿಯ ಸೈನಿಕರ ಕಾಯ್ದೆ ಈ ಪೈಲಟ್‌ಗಳ ಪರವಾಗಿಯೇ ಮಾತಾಡುತ್ತದೆ. ಮನುಷ್ಯನ ಘನತೆಯನ್ನು ಮುರಿಯುವ ಆದೇಶವನ್ನು ಪಾಲಿಸದಿದ್ದರೆ ಅದು ಅವಿಧೇಯತೆ ಅಲ್ಲ ಎಂದು ಅದರ 11ನೇ ಕಲಮು ಹೇಳುತ್ತದೆ. ಅಪರಾಧವಾಗುವ ಆದೇಶವನ್ನಂತೂ ಪಾಲಿಸಲೇಬಾರದು ಎನ್ನುತ್ತದೆ. ಸೇನೆಯಂಥ ಜಾಗದಲ್ಲಿ, ಆದೇಶವೇ ಉಸಿರಾಗಿರುವ ಕಡೆ, ಕಾನೂನು ಒಬ್ಬ ಸೈನಿಕನಿಗೆ 'ನೀನೂ ಯೋಚಿಸಬೇಕು' ಎಂದು ಹೇಳುತ್ತಿದೆ.

ಕರ್ತವ್ಯ ಎಂದರೆ ಹೇಳಿದ್ದನ್ನು ಮಾಡುವುದು ಎಂಬ ತಪ್ಪು ತಿಳಿವಳಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಭಯಾನಕ ಉದಾಹರಣೆ ಇದೆ. 1961ರಲ್ಲಿ ಜೆರುಸಲೇಮ್‌ನಲ್ಲಿ ವಿಚಾರಣೆ ಎದುರಿಸಿದ ಅಡಾಲ್ಫ್ ಐಖ್‌ಮನ್, ತಾನು ಕಾಂಟ್‌ನ ನೀತಿಯಂತೆ ಬದುಕಲು ಯತ್ನಿಸಿದವನು ಎಂದು ಹೇಳಿಕೊಂಡ. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದವನು ಅವನು. ಬೇರೊಬ್ಬನ ಇಚ್ಛೆಯನ್ನು ತನ್ನ ನಿಯಮವೆಂದು ಹೊತ್ತು ನಡೆಯುವುದನ್ನು ಕಾಂಟ್ ಸ್ವಾಯತ್ತತೆಗೆ ನೇರ ವಿರುದ್ಧವಾದದ್ದು ಎಂದಿದ್ದ. ಆದೇಶದ ಹಿಂದೆ ಅಡಗುವವನು ಕಾಂಟ್‌ನ ಹೆಸರು ಹೇಳುವಂತೆಯೇ ಇಲ್ಲ.

ಹಾಗಾದರೆ ಒಬ್ಬ ಸಚಿವ ಅಥವಾ ಪೈಲಟ್ ಎಲ್ಲ ತಿಳಿದೂ ಹೊಡೆದೇಬಿಟ್ಟರೆ? ಅವನಿಗೆ ಶಿಕ್ಷೆಯಾಗಬೇಕೇ? ಇದನ್ನು ನ್ಯಾಯಾಲಯ ಬೇಕೆಂದೇ ತೀರ್ಮಾನಿಸಲಿಲ್ಲ. ಅಂಥ ಕೃತ್ಯವನ್ನು ಅಪರಾಧ ಕಾನೂನು ಹೇಗೆ ನೋಡಬೇಕು ಎಂಬುದು ತನ್ನ ಮುಂದಿರುವ ಪ್ರಶ್ನೆಯಲ್ಲ ಎಂದಿತು.

ಇದನ್ನು ಜಾರಿಕೊಳ್ಳುವಿಕೆ ಎನ್ನುವವರಿದ್ದಾರೆ. ಸರ್ಕಾರ ಕೈ ತೊಳೆದುಕೊಂಡು ಒಬ್ಬ ವ್ಯಕ್ತಿಯ ತಲೆಗೆ ಎಲ್ಲವನ್ನೂ ಕಟ್ಟಿತು ಎಂದು ಅವರ ಆಕ್ಷೇಪ. ನನಗೆ ಹಾಗೆ ಕಾಣುವುದಿಲ್ಲ. 1797ರದೇ ಇನ್ನೊಂದು ಬರಹದಲ್ಲಿ, ಕಾನೂನಿನ ತತ್ವದ ಬಗ್ಗೆ ಬರೆಯುವಾಗ, ಕಾಂಟ್ ಒಂದು ಹಳೆಯ ಉದಾಹರಣೆ ತೆಗೆದುಕೊಳ್ಳುತ್ತಾನೆ. ಹಡಗು ಒಡೆದಿದೆ. ಒಬ್ಬನಿಗೆ ಹಲಗೆ ಸಿಕ್ಕಿದೆ. ಇನ್ನೊಬ್ಬ ತನ್ನ ಜೀವ ಉಳಿಸಿಕೊಳ್ಳಲು ಅವನನ್ನು ತಳ್ಳಿ ಹಲಗೆ ಕಿತ್ತುಕೊಳ್ಳುತ್ತಾನೆ. ಅವನಿಗೆ ಹಾಗೆ ಮಾಡುವ ಹಕ್ಕಿತ್ತೇ? ಇಲ್ಲ ಎನ್ನುತ್ತಾನೆ ಕಾಂಟ್. ಎಂಥ ಸಂಕಟವೂ ತಪ್ಪನ್ನು ಸರಿ ಮಾಡಲಾರದು. ಆದರೆ ಅವನನ್ನು ಶಿಕ್ಷಿಸಲೂ ಆಗದು, ಏಕೆಂದರೆ ಮುಳುಗುತ್ತಿರುವವನಿಗೆ ಮುಂದೆಂದೋ ಬರುವ ಶಿಕ್ಷೆಯ ಹೆದರಿಕೆ ನಾಟುವುದಿಲ್ಲ. ಶಿಕ್ಷೆ ಆಗದ್ದು ಎನ್ನುವುದೂ ತಪ್ಪಿಲ್ಲದ್ದು ಎನ್ನುವುದೂ ಒಂದೇ ಅಲ್ಲ ಎಂದು ಅವನು ಒತ್ತಿ ಹೇಳುತ್ತಾನೆ.

ಸಚಿವ ಮುಳುಗುತ್ತಿರುವವನಲ್ಲ, ಅವನ ಸ್ವಂತ ಜೀವವೇನೂ ಅಪಾಯದಲ್ಲಿಲ್ಲ. ಹಾಗಾಗಿ ಕಾಂಟ್ ಕೊಡುವ ಕಾರಣ ಅವನಿಗೆ ಹೊಂದುವುದಿಲ್ಲ. ಆದರೆ ಆ ಭೇದ ಹೊಂದುತ್ತದೆ. ಮುಂಚಿತವಾಗಿ ಅನುಮತಿ ಕೊಡುವುದು ಒಂದು, ಆದಮೇಲೆ ಕ್ಷಮಿಸುವುದು ಇನ್ನೊಂದು. ಕಾನೂನಿನ ಅನುಮತಿ ಇದ್ದರೆ ಸಚಿವ ಒಂದು ಫಾರ್ಮ್ ತುಂಬಿದಂತೆ ಆದೇಶ ಕೊಡುತ್ತಾನೆ. ಎಲ್ಲ ಷರತ್ತು ಪೂರೈಸಿದ್ದೇನೆ, ನನ್ನದೇನೂ ತಪ್ಪಿಲ್ಲ ಎನ್ನುತ್ತಾನೆ. ಸತ್ತವರ ಮನೆಯವರಿಗೆ ಅವನು ಉತ್ತರಿಸಬೇಕಾಗಿಯೇ ಇಲ್ಲ, ಕಾನೂನು ಉತ್ತರಿಸಿಯಾಗಿದೆ. ಅನುಮತಿ ಇಲ್ಲದಿದ್ದರೆ ಅವನು ಕಟಕಟೆಯಲ್ಲಿ ನಿಂತು, ನಾನು ಮುಗ್ಧರನ್ನು ಕೊಂದೆ, ಯಾಕೆಂದು ಹೇಳುತ್ತೇನೆ ಕೇಳಿ ಎನ್ನಬೇಕಾಗುತ್ತದೆ. ಆಗ ಸತ್ತ ಪ್ರಯಾಣಿಕರು ಲೆಕ್ಕದಲ್ಲಿ ಕಳೆದ ಅಂಕಿಗಳಾಗುವುದಿಲ್ಲ. ಅನ್ಯಾಯಕ್ಕೆ ಒಳಗಾದ ಮನುಷ್ಯರಾಗಿ ಆ ಕೋರ್ಟಿನಲ್ಲಿ ಅವರ ಹೆಸರು ಬರುತ್ತದೆ. ಅವನನ್ನು ಬಿಡಬೇಕೋ ಶಿಕ್ಷಿಸಬೇಕೋ ಎಂಬುದು ಆಮೇಲಿನ ಮಾತು. ಬಿಟ್ಟರೂ ಅವನು ಮಾಡಿದ್ದು ಸರಿ ಎಂದು ಯಾರೂ ಹೇಳಬೇಕಾಗಿಲ್ಲ.

2013ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು. ಇಂಥ ಸಂದರ್ಭದಲ್ಲಿ ಸೇನೆಯನ್ನು ಇಳಿಸುವ ನಿರ್ಧಾರವನ್ನು ರಕ್ಷಣಾ ಸಚಿವರೊಬ್ಬರೇ ಮಾಡುವಂತಿಲ್ಲ, ಎಷ್ಟೇ ತುರ್ತಿದ್ದರೂ ಇಡೀ ಸಂಪುಟ ಸೇರಿ ಮಾಡಬೇಕು. ನಿಮಿಷಗಳ ಲೆಕ್ಕದಲ್ಲಿ ನಡೆಯುವ ಘಟನೆಗೆ ಸಂಪುಟ ಸೇರುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನನ್ನ ಚಿಂತೆ ಮಾತ್ರ ಬೇರೆ. ಹೊಣೆಯನ್ನು ಹದಿನೈದು ಜನರ ನಡುವೆ ಹಂಚಿದರೆ ಪ್ರತಿಯೊಬ್ಬರಿಗೂ ಸಿಗುವುದು ಅದರ ಒಂದು ಚೂರು. ಆ ಚೂರನ್ನು ಮರೆಯುವುದು ಸುಲಭ. ಕೊನೆಗೆ ಗುಂಡಿಯ ಮೇಲೆ ಬೆರಳಿಟ್ಟ ಪೈಲಟ್ ಮಾತ್ರ ಒಬ್ಬನೇ ಇರುತ್ತಾನೆ, ಮತ್ತು ಸೈನಿಕರ ಕಾಯ್ದೆಯ ಆ ಕಲಮು ಅವನಿಗೆ ಹಂಚಿಕೊಳ್ಳಲು ಯಾರನ್ನೂ ಕೊಟ್ಟಿಲ್ಲ.